ಕೌಂಟರಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಉಳಿಸಿಡಬಹುದೇ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್ ಇದೆ. ಬಿಲ್ಲಿಂಗ್, ಜಿಎಸ್‌ಟಿ, ಕರೆಂಟ್ ಬಿಲ್, ಆನ್‌ಲೈನ್ ಆರ್ಡರ್, ಬ್ಯಾಂಕ್ ಎಲ್ಲವೂ ಕೌಂಟರಿನಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ನಾನು, ಮ್ಯಾನೇಜರ್, ಅಕ್ಕನ ಮಗ ಮೂವರೂ ಅದನ್ನು ಬಳಸುತ್ತೇವೆ, ಅದಕ್ಕೆ ಲಾಕ್ ಇಟ್ಟಿಲ್ಲ. ಕ್ರೋಮ್ ಕೇಳಿದಾಗಲೆಲ್ಲ ‘ಸೇವ್’ ಒತ್ತುತ್ತಾ ಬಂದಿದ್ದೇನೆ. ಪುಣೆಯಲ್ಲಿ ಐಟಿ ಕೆಲಸದಲ್ಲಿರುವ ಮಗ ‘ಎಲ್ಲ ಅಳಿಸಿಬಿಡು’ ಅಂತಾನೆ. ನಮ್ಮ ಸಿಎ ‘ಡೈರಿಯಲ್ಲಿ ಬರೆದಿಡಿ’ ಅಂತಾರೆ. ಮೊನ್ನೆ ಬ್ಯಾಂಕಿನ ಸೈಟ್ ತೆರೆದರೆ ವಿಳಾಸದ ಕೊನೆಗೆ ‘ಬ್ಯಾಂಕ್ ಡಾಟ್ ಇನ್’ ಅಂತ ಹೊಸದಾಗಿ ಕಾಣಿಸಿತು, ಕ್ರೋಮ್ ಪಾಸ್‌ವರ್ಡ್ ತುಂಬಲೇ ಇಲ್ಲ. ಗಾಬರಿಯಾಗಿ ಮುಚ್ಚಿಬಿಟ್ಟೆ. ಯಾರ ಮಾತು ಕೇಳಲಿ?

ಉತ್ತರ:

ಎಲ್ಲವನ್ನೂ ಅಳಿಸಬೇಡಿ. ಮಗನ ಮಾತಿನಲ್ಲಿ ಅರ್ಧ ನಿಜವಿದೆ, ಸಿಎ ಮಾತಿನಲ್ಲೂ ಸ್ವಲ್ಪ ನಿಜವಿದೆ. ಎರಡಕ್ಕೂ ಮುಂದೆ ಬರುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಾಲು: ‘ಅದಕ್ಕೆ ಲಾಕ್ ಇಟ್ಟಿಲ್ಲ’. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಎಷ್ಟೋ ಹೋಟೆಲುಗಳಲ್ಲಿ ಇದೇ ಸ್ಥಿತಿ. ಕ್ರೋಮ್ ಸರಿಯೋ ತಪ್ಪೋ ಅಂತ ಚರ್ಚೆ ನಡೆಯುತ್ತಿರುತ್ತದೆ, ಕಂಪ್ಯೂಟರ್ ಮಾತ್ರ ಬಾಗಿಲು ತೆರೆದುಕೊಂಡೇ ಕೂತಿರುತ್ತದೆ.

ಮೊದಲು ನಿಮ್ಮ ಗಾಬರಿ ಮುಗಿಸೋಣ. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಎಲ್ಲೂ ಕಳೆದುಹೋಗಿಲ್ಲ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಒಂದು ಸೂಚನೆ ಕೊಟ್ಟಿತು. ಅಕ್ಟೋಬರ್ 31ರೊಳಗೆ ನಿಮ್ಮ ವೆಬ್‌ಸೈಟನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಒಯ್ಯಿರಿ ಅಂತ. ಈ ವಿಳಾಸಗಳನ್ನು ಕೊಡುವ ಅಧಿಕಾರ ಇರುವುದು ಹೈದರಾಬಾದಿನ ಐಡಿಆರ್‌ಬಿಟಿ ಒಂದಕ್ಕೇ. ಅದು ರಿಸರ್ವ್ ಬ್ಯಾಂಕೇ ಹುಟ್ಟುಹಾಕಿದ ಸಂಸ್ಥೆ. ಯಾವನೋ ವಂಚಕ ಹಣ ಕೊಡುತ್ತೇನೆಂದರೂ ಈ ಕೊನೆ ಅವನಿಗೆ ಸಿಗುವುದಿಲ್ಲ. ದೊಡ್ಡ ಬ್ಯಾಂಕುಗಳಷ್ಟೇ ಅಲ್ಲ, ನಮ್ಮ ಮುಂಬೈಯ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ.

ನೀವು ಪಾಸ್‌ವರ್ಡ್ ಉಳಿಸಿದ್ದು ಬ್ಯಾಂಕಿನ ಹಳೆಯ ವಿಳಾಸದಲ್ಲಿ. ಹೊಸ ವಿಳಾಸ ಕ್ರೋಮ್ ಪಾಲಿಗೆ ಗುರುತೇ ಇಲ್ಲದ ಸೈಟ್. ಅದಕ್ಕೇ ಅದು ಸುಮ್ಮನೆ ಕೂತಿತು. ಅದು ಹಾಗೆ ಸುಮ್ಮನಿದ್ದದ್ದೂ ಸರಿ, ನೀವು ಮುಚ್ಚಿದ್ದೂ ಸರಿ. ಈಗ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಹೊಸ ವಿಳಾಸ ಯಾವುದು ಅಂತ ಕೇಳಿ, ನೀವೇ ಕೈಯಾರೆ ಟೈಪ್ ಮಾಡಿ. ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಇನ್ನೊಂದು ಎಚ್ಚರ ಬೇಕು. ಬ್ಯಾಂಕಿನ ಹೆಸರು, ಆಮೇಲೆ ಚುಕ್ಕಿ, ಆಮೇಲೆ ಬ್ಯಾಂಕ್, ಚುಕ್ಕಿ, ಇನ್. ವಿಳಾಸ ಹೀಗೆ ಮುಗಿದರೆ ಅಸಲಿ. ‘ಬ್ಯಾಂಕ್’ ಪದದ ಹಿಂದೆ ಚುಕ್ಕಿಯ ಬದಲು ಅಡ್ಡಗೆರೆ ಇದ್ದರೆ, ಅಥವಾ ಹೆಸರಿಗೇ ಅಂಟಿಕೊಂಡಿದ್ದರೆ, ಅದು ಯಾರು ಬೇಕಾದರೂ ಕೊಳ್ಳಬಹುದಾದ ಮಾಮೂಲಿ ವಿಳಾಸ. ನೋಡುವ ಕಣ್ಣಿಗೆ ವ್ಯತ್ಯಾಸ ಒಂದು ಚುಕ್ಕಿಯದ್ದು.

ಈ ಚುಕ್ಕಿಯ ವ್ಯತ್ಯಾಸ ಮನುಷ್ಯರಿಗೆ ಕಾಣುವುದಿಲ್ಲ, ಬ್ರೌಸರಿಗೆ ಕಾಣುತ್ತದೆ. ಪಾಸ್‌ವರ್ಡನ್ನು ಬ್ರೌಸರಿನಲ್ಲೇ ಇಡಿ ಅಂತ ನಾನು ಹೇಳಲು ಇದೇ ದೊಡ್ಡ ಕಾರಣ. ನೆನಪಿಡುವ ತಾಪತ್ರಯ ತಪ್ಪುತ್ತದೆ ಅನ್ನೋದು ಸಣ್ಣ ಲಾಭ. ಕ್ರೋಮ್ ಪುಟದ ಬಣ್ಣ ನೋಡುವುದಿಲ್ಲ, ಲೋಗೋ ನೋಡುವುದಿಲ್ಲ, ವಿಳಾಸ ಮಾತ್ರ ನೋಡುತ್ತದೆ. ಉಳಿಸಿದ ವಿಳಾಸಕ್ಕೂ ಈಗ ತೆರೆದ ವಿಳಾಸಕ್ಕೂ ತಾಳೆಯಾದರೆ ಮಾತ್ರ ಕೊಡುತ್ತದೆ. ಎಷ್ಟೇ ಚೆನ್ನಾಗಿ ನಕಲು ಮಾಡಿದ ಪುಟವಾದರೂ ಅದಕ್ಕೆ ಮೋಸ ಹೋಗುವುದಿಲ್ಲ.

ನಿಮ್ಮದೇ ಉದಾಹರಣೆ ತಗೊಳ್ಳಿ. ಸಂಜೆ ಏಳಕ್ಕೆ ಕೌಂಟರಿನಲ್ಲಿ ಜನ. ಫೋನಿಗೆ ಮೆಸೇಜ್ ಬರುತ್ತದೆ: ‘ನಿಮ್ಮ ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿತ’. ಮಹಾರಾಷ್ಟ್ರದಲ್ಲಿ ಈ ಮೆಸೇಜ್ ನೋಡದ ಅಂಗಡಿಯವರು ಕಡಿಮೆ. ಫ್ರಿಜ್ಜಿನಲ್ಲಿ ನಾಳೆಯ ಇಡ್ಲಿ ಹಿಟ್ಟು ಇದೆ, ಹಾಲಿದೆ, ಕರೆಂಟ್ ಹೋದರೆ ಗತಿ ಏನು ಅಂತ ತಲೆ ಅಲ್ಲೇ ಓಡುತ್ತದೆ. ಲಿಂಕ್ ಒತ್ತುತ್ತೀರಿ. ಕರೆಂಟ್ ಕಂಪನಿ ಮಹಾವಿತರಣದ ಪುಟದ ಹಾಗೇ ಇರುವ ಪುಟ ತೆರೆಯುತ್ತದೆ. ಪ್ರತಿ ತಿಂಗಳು ತಾನಾಗಿ ತುಂಬುತ್ತಿದ್ದ ಹೆಸರು ಮತ್ತು ಪಾಸ್‌ವರ್ಡ್ ಇವತ್ತು ಖಾಲಿ. ಆ ಖಾಲಿ ಜಾಗವೇ ನಿಮಗೆ ಸಿಗುವ ಎಚ್ಚರಿಕೆ. ಅಲ್ಲಿ ಕೈ ನಿಲ್ಲಿಸಬೇಕು. ‘ಅಯ್ಯೋ, ಇವತ್ತು ಕ್ರೋಮ್ ಕೈಕೊಟ್ಟಿತು’ ಅಂದುಕೊಂಡು ನೆನಪಿನಿಂದ ಟೈಪ್ ಮಾಡಿದರೆ ಮುಗಿಯಿತು. ಡೈರಿ ನೋಡಿ ಟೈಪ್ ಮಾಡುವವರಿಗೆ ಈ ಎಚ್ಚರಿಕೆ ಸಿಗುವುದೇ ಇಲ್ಲ. ಡೈರಿಗೆ ಅಸಲಿ ನಕಲಿ ಎರಡೂ ಒಂದೇ.

ಹಾಗೇ ಫುಡ್ ಲೈಸೆನ್ಸ್. ನವೀಕರಣ ಅಂತ ಹುಡುಕಿದರೆ ಸರ್ಕಾರಿ ಸೈಟಿನ ಹಾಗೇ ಕಾಣುವ ಖಾಸಗಿ ಸೈಟುಗಳು ಬರುತ್ತವೆ. ಫುಡ್ ಲೈಸೆನ್ಸಿನ ಅಸಲಿ ಸರ್ಕಾರಿ ಸೈಟ್ ಆದ ಫಾಸ್ಕಾಸ್ ಪೋರ್ಟಲ್‌ನ ವಿಳಾಸ ‘ಎಫ್‌ಎಸ್‌ಎಸ್‌ಎಐ ಡಾಟ್ ಗವ್ ಡಾಟ್ ಇನ್’ ಅಂತ ಮುಗಿಯುತ್ತದೆ. ಒಮ್ಮೆ ಅಲ್ಲಿ ಪಾಸ್‌ವರ್ಡ್ ಉಳಿಸಿದ್ದರೆ, ಬೇರೆ ಕಡೆ ಹೋದಾಗ ಕ್ರೋಮ್ ತುಂಬುವುದಿಲ್ಲ, ನಿಮಗೆ ಗೊತ್ತಾಗುತ್ತದೆ.

ಎಲ್ಲ ಮೌನವೂ ಮೋಸದ ಗುರುತು ಅಂತ ಹೆದರಬೇಡಿ. ಕೆಲವು ಅಸಲಿ ಸೈಟುಗಳೇ ಬ್ರೌಸರಿಗೆ ಕಷ್ಟ ಕೊಡುತ್ತವೆ. ಆದಾಯ ತೆರಿಗೆ ಪೋರ್ಟಲ್ ಮೊದಲ ಪುಟದಲ್ಲಿ ಪ್ಯಾನ್ ಕೇಳುತ್ತದೆ, ಎರಡನೆಯ ಪುಟದಲ್ಲಿ ಪಾಸ್‌ವರ್ಡ್. ಹೀಗೆ ಒಡೆದು ಕೇಳಿದಾಗ ಒಮ್ಮೊಮ್ಮೆ ಹೆಸರಿಲ್ಲದೆ ಪಾಸ್‌ವರ್ಡ್ ಮಾತ್ರ ಉಳಿದಿರುತ್ತದೆ. ಅಂಥಲ್ಲಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಸರಿಯಿದ್ದರೆ ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್ (ಉಳಿಸಿದ ಪಾಸ್‌ವರ್ಡುಗಳ ಪಟ್ಟಿ) ತೆರೆದು ಆ ನಮೂದಿಗೆ ಪ್ಯಾನ್ ಸೇರಿಸಿ ಸರಿಮಾಡಿ. ಆ ಪೋರ್ಟಲ್‌ನ ವಿಳಾಸವೂ 2021ರ ಜೂನ್‌ನಲ್ಲಿ ಬದಲಾಗಿತ್ತು, ನಿಮ್ಮ ಪಟ್ಟಿಯಲ್ಲಿ ಹಳೆಯದೂ ಇರಬಹುದು. ಇದ್ದರೆ ತೆಗೆಯಿರಿ.

ಇನ್ನು ಕೌಂಟರಿನ ವಿಷಯ. ಕ್ರೋಮ್ ಪಾಸ್‌ವರ್ಡುಗಳನ್ನು ಹಾಗೇ ಬರೆದಿಡುವುದಿಲ್ಲ, ಗೂಢಲಿಪಿ ಮಾಡಿ ಇಡುತ್ತದೆ. ಆ ಗೂಢಲಿಪಿ ಬಿಡಿಸುವ ಕೀಲಿಯನ್ನು ವಿಂಡೋಸ್ ಕಾಯುತ್ತದೆ. ವಿಂಡೋಸ್ ಯಾರಿಗೆ ಕೀಲಿ ಕೊಡುತ್ತದೆ? ಆ ಹೆಸರಿನಲ್ಲಿ ಲಾಗಿನ್ ಆಗಿರುವವರಿಗೆ. ಅಂದರೆ ಕ್ರೋಮ್‌ನ ಭದ್ರತೆ ಪೂರ್ತಿ ನಿಂತಿರುವುದು ನಿಮ್ಮ ವಿಂಡೋಸ್ ಲಾಗಿನ್ ಮೇಲೆ. ಅದಕ್ಕೆ ಪಾಸ್‌ವರ್ಡ್ ಇಲ್ಲ ಅಂದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಅದರ ಮೇಲೇ ಇಟ್ಟ ಹಾಗೆ. ಯಾರು ಬೇಕಾದರೂ ಪಾಸ್‌ವರ್ಡ್ ಪಟ್ಟಿ ತೆರೆದು, ಕಣ್ಣಿನ ಗುರುತು ಒತ್ತಿ, ಒಂದೊಂದಾಗಿ ಓದಬಹುದು. ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಲು ಒಂದು ನಿಮಿಷ ಸಾಕು.

ವಿಂಡೋಸ್‌ಗೆ ಪಾಸ್‌ವರ್ಡ್ ಅಥವಾ ಪಿನ್ ಇಟ್ಟರೆ, ಪಟ್ಟಿಯಲ್ಲಿ ತೋರಿಸುವ ಮುಂಚೆ ಕ್ರೋಮ್ ಅದನ್ನು ಕೇಳುತ್ತದೆ. ಆದರೆ ಸೈಟಿನಲ್ಲಿ ತುಂಬುವಾಗ ಮಾಮೂಲಿಯಾಗಿ ಕೇಳುವುದಿಲ್ಲ. ಆಗ ಕಾಣುವ ಕರಿ ಚುಕ್ಕಿಗಳನ್ನು ನಂಬಬೇಡಿ. ಸ್ವಲ್ಪ ತಿಳಿದವರಿಗೆ ಆ ಚುಕ್ಕಿಗಳನ್ನು ಅಕ್ಷರ ಮಾಡಿ ಓದುವುದು ಕಷ್ಟದ ಕೆಲಸವೇ ಅಲ್ಲ. ಅದಕ್ಕೆ ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್ ಸೆಟ್ಟಿಂಗ್ಸ್‌ನಲ್ಲಿ, ತುಂಬುವಾಗಲೂ ವಿಂಡೋಸ್ ಹೆಲೋ (ವಿಂಡೋಸ್‌ನ ಪಿನ್ ಅಥವಾ ಬೆರಳಚ್ಚು) ಕೇಳು ಅನ್ನುವ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿ. ಫೈರ್‌ಫಾಕ್ಸ್ ಬಳಸುವವರಿಗೆ ‘ಪ್ರೈಮರಿ ಪಾಸ್‌ವರ್ಡ್’ ಅಂತ ಇದೆ. ಅದನ್ನಿಟ್ಟರೆ ಬ್ರೌಸರ್ ತೆರೆದ ಮೇಲೆ ಒಮ್ಮೆ ಅದನ್ನು ಕೊಡದೆ ಯಾವುದೂ ತುಂಬುವುದಿಲ್ಲ. ಒಂದೇ ಕಂಪ್ಯೂಟರನ್ನು ಹಲವರು ಮುಟ್ಟುವ ಕಡೆ ನನಗೆ ಇದು ತುಂಬ ಇಷ್ಟದ ಸೌಲಭ್ಯ.

ನಿಮಗೆ ಈಗ ಅನ್ನಿಸುತ್ತಿರಬಹುದು, ಬೆಳಗ್ಗೆ ಲೋಕಲ್ ಹಿಡಿಯುವ ಜನ ತಿಂಡಿ ಮುಗಿಸಿ ಬಿಲ್ಲಿಗೆ ನಿಂತಿರುವಾಗ ಲಾಕ್ ತೆಗೆ, ಲಾಕ್ ಹಾಕು ಅಂತ ಯಾರು ಕೂರುತ್ತಾರೆ ಅಂತ. ಖಂಡಿತ ಆಗುವುದಿಲ್ಲ. ಆದ್ದರಿಂದ ಲಾಕ್ ಒಂದರಿಂದಲೇ ಇದು ಬಗೆಹರಿಯದು, ಕೆಲಸ ಬೇರೆ ಮಾಡಬೇಕು. ವಿಂಡೋಸ್‌ನಲ್ಲಿ ಎರಡನೆಯ ಖಾತೆ ತೆರೆಯಿರಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ಜಾಗ. ಅದಕ್ಕೆ ‘ಸ್ಟ್ಯಾಂಡರ್ಡ್’ ದರ್ಜೆ ಸಾಕು, ‘ಅಡ್ಮಿನಿಸ್ಟ್ರೇಟರ್’ ಬೇಡ. ಬಿಲ್ಲಿಂಗ್ ಮತ್ತು ಆರ್ಡರ್ ಆ ಖಾತೆಯಲ್ಲಿ ದಿನವಿಡೀ ತೆರೆದಿರಲಿ. ಅಲ್ಲಿ ಜಿಎಸ್‌ಟಿ ಇಲ್ಲ, ಬ್ಯಾಂಕ್ ಇಲ್ಲ, ನಿಮ್ಮ ಜಿಮೇಲ್ ಇಲ್ಲ. ನಿಮ್ಮ ಖಾತೆ ಬೇರೆ, ಅದಕ್ಕೆ ಪಿನ್. ಮಧ್ಯಾಹ್ನ ಜನ ಕಡಿಮೆಯಾದಾಗ ಅದನ್ನು ತೆರೆದು ಕೆಲಸ ಮುಗಿಸಿ, ಏಳುವಾಗ ವಿಂಡೋಸ್ ಗುರುತಿನ ಕೀ ಮತ್ತು ಎಲ್ ಒಟ್ಟಿಗೆ ಒತ್ತಿ. ಪರದೆ ಲಾಕ್ ಆಗುತ್ತದೆ. ಗಲ್ಲಾದಲ್ಲಿ ಕೂತವರಿಗೆ ಈ ಅಭ್ಯಾಸ ಎರಡು ದಿನದಲ್ಲಿ ಕೈಗೆ ಹತ್ತುತ್ತದೆ.

ಕೆಲವರು ವಿಂಡೋಸ್ ಖಾತೆಯ ಬದಲು ಕ್ರೋಮ್‌ನಲ್ಲೇ ಎರಡು ‘ಪ್ರೊಫೈಲ್’ ಮಾಡುತ್ತಾರೆ. ಮೂಲೆಯಲ್ಲಿ ಗುಂಡಗಿನ ಚಿತ್ರ, ಒಂದು ಮಾಲೀಕರದ್ದು, ಒಂದು ಸ್ಟಾಫ್‌ದು. ನೋಡಲು ಬೇರೆ ಬೇರೆ ಕಾಣುತ್ತದೆ, ಆದರೆ ಒಂದೇ ವಿಂಡೋಸ್ ಲಾಗಿನ್ನಿನ ಒಳಗೆ ಇರುವವರೆಗೆ ಅವುಗಳ ನಡುವೆ ಗೋಡೆ ಇಲ್ಲ. ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ನಿಮ್ಮ ಪ್ರೊಫೈಲ್ ಅವರ ಮುಂದೆ ತೆರೆದುಕೊಳ್ಳುತ್ತದೆ. ಪ್ರೊಫೈಲ್ ಇರುವುದು ಅಚ್ಚುಕಟ್ಟಿಗೆ, ಕಾವಲಿಗೆ ಅಲ್ಲ.

ಇನ್ನೂ ಒಂದು ವಿಷಯ ನಿಮಗೆ ಬಹುಶಃ ಯಾರೂ ಹೇಳಿಲ್ಲ. ಕೌಂಟರಿನ ಕ್ರೋಮ್‌ನಲ್ಲಿ ನಿಮ್ಮ ಜಿಮೇಲ್ ಲಾಗಿನ್ ಇದೆ ಅಲ್ವಾ? ಹಾಗಿದ್ದರೆ ಪಾಸ್‌ವರ್ಡುಗಳು ಆ ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ, ನಿಮ್ಮ ಗೂಗಲ್ ಖಾತೆಯಲ್ಲಿವೆ. ಅಂದರೆ ನೀವು ಮನೆಯಲ್ಲಿ ಸೋಫಾದ ಮೇಲೆ ಕೂತು ಫೋನಿನಲ್ಲಿ ಉಳಿಸಿದ ಪಾಸ್‌ವರ್ಡ್ ಕೂಡ ಕೌಂಟರಿನಲ್ಲಿ ಹಾಜರ್. ಮನೆಯವರ ಇನ್ಶೂರೆನ್ಸ್, ಮಗಳ ಕಾಲೇಜಿನ ಫೀ ಪೋರ್ಟಲ್, ಮ್ಯೂಚುವಲ್ ಫಂಡ್, ಎಲ್ಲ. ಅದಕ್ಕೇ ಸ್ಟಾಫ್ ಬಳಸುವ ಖಾತೆಯಲ್ಲಿ ನಿಮ್ಮ ಜಿಮೇಲ್ ಇರಲೇಬಾರದು. ಹೋಟೆಲಿಗೆ ಅಂತಲೇ ಬೇರೆ ಗೂಗಲ್ ಖಾತೆ ಮಾಡಿ. ಈಗಿರುವುದನ್ನು ತೆಗೆಯುವ ಮುಂಚೆ ನಿಮ್ಮ ಫೋನಿನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಪಟ್ಟಿ ಪೂರ್ತಿ ಬಂದಿದೆಯಾ ನೋಡಿಕೊಳ್ಳಿ. ಬಂದಿದ್ದರೆ ಕೌಂಟರಿನ ಕ್ರೋಮ್‌ನಿಂದ ಆ ಪ್ರೊಫೈಲನ್ನೇ ತೆಗೆದುಬಿಡಿ. ಅಲ್ಲಿಂದ ಹೋಗುತ್ತದೆ, ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಮಗನಿಗೆ ‘ಅಳಿಸಿದೆ’ ಅಂತ ಹೇಳಲೂಬಹುದು, ಕೌಂಟರಿನ ಮಟ್ಟಿಗೆ ಅದು ನಿಜವೇ.

ಮಗನ ಮಾತಿನ ಅರ್ಧ ನಿಜ ಇಲ್ಲಿದೆ. ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡುಗಳನ್ನೇ ಹುಡುಕಿ ಕದಿಯುವ ವೈರಸ್‌ಗಳಿವೆ. ರೆಡ್‌ಲೈನ್, ಲುಮ್ಮಾ ಅಂತ ಹೆಸರುಗಳು. ನಿಮ್ಮ ಹೆಸರಿನ ಲಾಗಿನ್ನಿನಲ್ಲೇ ಅವು ಓಡುವುದರಿಂದ ವಿಂಡೋಸ್ ಅವುಗಳನ್ನು ನೀವೇ ಅಂದುಕೊಂಡು ಕೀಲಿ ಕೊಡುತ್ತದೆ. 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ, ಎರಡೇ ತಿಂಗಳಲ್ಲಿ, ಲುಮ್ಮಾ ಹೊಕ್ಕಿದ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಗುರುತಿಸಿತು. ಗೂಗಲ್ 2024ರ ಜುಲೈಯಲ್ಲಿ ಕ್ರೋಮ್ 127ರಿಂದ ಒಂದು ಹೊಸ ಕಾವಲು ತಂದಿದೆ. ಬೇರೆ ಪ್ರೋಗ್ರಾಂ ಬಂದು ಕೇಳಿದರೆ ಕೊಡದೆ, ಕ್ರೋಮ್ ಕೇಳಿದರೆ ಮಾತ್ರ ಬಿಡಿಸುವ ಏರ್ಪಾಡು. ಮೊದಲು ಅದು ಬಂದದ್ದು ಕುಕೀಗಳಿಗೆ, ಅಂದರೆ ನೀವು ಲಾಗಿನ್ ಆಗಿದ್ದೀರಿ ಅಂತ ಸೈಟ್ ನಿಮ್ಮ ಬ್ರೌಸರಿನಲ್ಲಿ ಇಡುವ ಗುರುತಿನ ಚೀಟಿಗಳಿಗೆ. ಕಳ್ಳರು ಅದಕ್ಕೂ ದಾರಿ ಹುಡುಕುತ್ತಲೇ ಇದ್ದಾರೆ. ಕುಕೀ ಕದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೀವು ಈಗಾಗಲೇ ಲಾಗಿನ್ ಆದ ಸೈಟಿಗೆ ಸೀದಾ ಒಳಗೆ.

ಆದರೆ ಇವು ಗಾಳಿಯಲ್ಲಿ ಬರುವುದಿಲ್ಲ. ಯಾರೋ ಒಳಗೆ ಬಿಡುತ್ತಾರೆ. ‘ಕ್ರ್ಯಾಕ್’ ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರ್, ಪುಕ್ಕಟೆ ಆಫೀಸ್, ಅಕ್ಕನ ಮಗ ರಾತ್ರಿ ಸಿನಿಮಾ ನೋಡಲು ಹೋಗುವ ಸೈಟ್. ಇತ್ತೀಚೆಗೆ ಇನ್ನೊಂದು ಬಗೆ ಜಾಸ್ತಿಯಾಗಿದೆ. ‘ನೀವು ರೋಬೋ ಅಲ್ಲ ಅಂತ ಸಾಬೀತು ಮಾಡಿ’ ಅಂತ ಪುಟ ಬರುತ್ತದೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಪೇಸ್ಟ್ ಮಾಡಿ, ಎಂಟರ್ ಒತ್ತಿ ಅನ್ನುತ್ತದೆ. ಹೇಳಿದ ಹಾಗೆ ಮಾಡಿದರೆ ವೈರಸ್ಸನ್ನು ನಾವೇ ಕೈಯಾರೆ ಕರೆದು ಕೂರಿಸಿದಂತೆ. ಯಾವ ಅಸಲಿ ಕ್ಯಾಪ್ಚಾವೂ ಈ ಕೀಗಳನ್ನು ಒತ್ತಿ ಅನ್ನುವುದಿಲ್ಲ. ಇದನ್ನು ನಿಮ್ಮ ಮ್ಯಾನೇಜರ್‌ಗೆ, ಅಕ್ಕನ ಮಗನಿಗೆ ಕೂರಿಸಿಕೊಂಡು ಹೇಳಿ.

ಇಂಥ ವೈರಸ್ ಒಳಗಿದ್ದರೆ ಡೈರಿಯೂ ಕಾಪಾಡುವುದಿಲ್ಲ. ನೀವು ಟೈಪ್ ಮಾಡುವುದನ್ನೇ ಕದಿಯುವ ವೈರಸ್‌ಗಳಿವೆ. ಹಾಗಾಗಿ ಕಂಪ್ಯೂಟರ್ ಶುದ್ಧವಾಗಿಡುವುದು ಬಿಟ್ಟು ಬೇರೆ ದಾರಿ ಇಲ್ಲ. ಕೌಂಟರಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಅದಕ್ಕೆ 2023ರಿಂದ ಹೊಸ ಕ್ರೋಮ್ ಬರುತ್ತಲೇ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಮಿಕ್ಸರ್ ಕೊಳ್ಳಲು ಹಿಂದೆ ಮುಂದೆ ನೋಡದವರು ಕಂಪ್ಯೂಟರ್ ವಿಷಯದಲ್ಲಿ ಮಾತ್ರ ‘ಓಡ್ತಾ ಇದೆಯಲ್ಲ’ ಅನ್ನುತ್ತಾರೆ. ದಯವಿಟ್ಟು ಇದಕ್ಕೆ ಸ್ವಲ್ಪ ಖರ್ಚು ಮಾಡಿ.

ಎಕ್ಸ್‌ಟೆನ್ಶನ್, ಅಂದರೆ ಕ್ರೋಮ್‌ಗೆ ಹೊರಗಿನಿಂದ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಅದರ ಬಗ್ಗೆಯೂ ಒಂದು ಮಾತು. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಿನ ತತ್ಕಾಲ್ ಟಿಕೆಟ್‌ಗೆ ನಮ್ಮವರು ಪಡುವ ಪಾಡು ನನಗೆ ಚೆನ್ನಾಗಿ ಗೊತ್ತು. ಎಸಿಗೆ 10 ಗಂಟೆ, ಸ್ಲೀಪರ್‌ಗೆ 11. ಆ ಹೊತ್ತಿಗೆ ಕ್ರೋಮ್ ತಾನೇ ಹೆಸರು ಪಾಸ್‌ವರ್ಡ್ ತುಂಬಿಕೊಟ್ಟರೆ ನಿಜವಾಗಲೂ ಉಪಕಾರ. ಅಷ್ಟರಲ್ಲಿ ನಿಲ್ಲಿಸಿ. ಪ್ರಯಾಣಿಕರ ಹೆಸರು, ಪಾವತಿ ಎಲ್ಲ ತಾನೇ ತುಂಬುತ್ತದೆ ಅಂತ ಯಾರೋ ಕೊಟ್ಟ ಎಕ್ಸ್‌ಟೆನ್ಶನ್ ಹಾಕಿಕೊಂಡರೆ, ಹಾಕುವಾಗ ಅದು ‘ಎಲ್ಲ ವೆಬ್‌ಸೈಟಿನಲ್ಲೂ ನಿಮ್ಮ ಮಾಹಿತಿ ಓದುವ, ಬದಲಿಸುವ’ ಅನುಮತಿ ಕೇಳಬಹುದು. ಆ ಅನುಮತಿ ಇರುವವನು ಪುಟದಲ್ಲಿ ತುಂಬಿದ ಪಾಸ್‌ವರ್ಡನ್ನೂ ಓದಬಲ್ಲ.

ಬ್ಯಾಂಕಿಗೆ ಬರೋಣ. ಸ್ಟಾಫ್ ಮುಟ್ಟುವ ಕಂಪ್ಯೂಟರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಉಳಿಸಲೇಬೇಡಿ. ಇದರಲ್ಲಿ ನನಗೆ ಎರಡನೆಯ ಯೋಚನೆ ಇಲ್ಲ. ಒಟಿಪಿ ಇದೆಯಲ್ಲ ಅನ್ನಬಹುದು. ಆದರೆ ನಿಮ್ಮ ಫೋನೂ ಅದೇ ಕೌಂಟರಿನ ಮೇಲೆ ಚಾರ್ಜಿಗೆ ಇಟ್ಟಿರುತ್ತೀರಿ, ಒಟಿಪಿ ಪರದೆಯ ಮೇಲೇ ಕಾಣುತ್ತದೆ. ಇನ್ನೊಂದು ಕಾರಣ ಕಾನೂನಿನದ್ದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದ್ದೂ ಅಲ್ಲ ನಿಮ್ಮದೂ ಅಲ್ಲ ಎಂಬಂಥ ಮೋಸದಲ್ಲಿ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕನ ಮೇಲೆ ಹೊಣೆ ಇಲ್ಲ. ಆದರೆ ಪಾಸ್‌ವರ್ಡ್ ಹಂಚಿಕೊಂಡಂಥ ಅಜಾಗರೂಕತೆ ಗ್ರಾಹಕನದ್ದೇ ಆದರೆ, ದೂರು ಕೊಡುವವರೆಗಿನ ನಷ್ಟ ಅವನದೇ. ಲಾಕ್ ಇಲ್ಲದ, ಮೂವರು ಬಳಸುವ ಕಂಪ್ಯೂಟರಿನಲ್ಲಿ ಉಳಿಸಿದ್ದೆ ಅಂತ ನೀವು ಬ್ಯಾಂಕಿನ ಮುಂದೆ ಹೇಳಬೇಕಾಗಿ ಬಂದರೆ ವಾದ ನಿಲ್ಲುವುದು ಕಷ್ಟ. ನಿಮ್ಮೊಬ್ಬರದೇ ಆದ, ಬೆರಳಚ್ಚು ಕೇಳುವ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬ್ಯಾಂಕ್ ಕೆಲಸ ಮಾಡಿ. ಅಲ್ಲೂ ವಹಿವಾಟಿಗೆ ಬೇರೆ ಪಾಸ್‌ವರ್ಡ್ ಇದ್ದರೆ ಅದನ್ನು ತಲೆಯಲ್ಲೇ ಇಟ್ಟುಕೊಳ್ಳಿ. ಹಣ ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯುವುದಕ್ಕೇ ಆ ನಂಬರ್ ಇರುವುದು.

ಮ್ಯಾನೇಜರ್‌ಗೆ ಬ್ಯಾಂಕ್ ಬ್ಯಾಲೆನ್ಸ್ ನೋಡುವುದು ಬೇಕೇ ಬೇಕು ಅಂದರೆ, ವ್ಯವಹಾರದ ಖಾತೆಗಳಲ್ಲಿ ನೋಡಲು ಮಾತ್ರ ಅನುಮತಿ ಇರುವ ಬೇರೆ ಬಳಕೆದಾರನನ್ನು ಸೇರಿಸುವ ಸೌಲಭ್ಯವನ್ನು ಹಲವು ಬ್ಯಾಂಕುಗಳು ಕೊಡುತ್ತವೆ. ಶಾಖೆಯಲ್ಲಿ ಕೇಳಿ. ಆರ್ಡರ್ ಆ್ಯಪ್‌ಗಳಲ್ಲೂ ಮ್ಯಾನೇಜರ್ ಹೆಸರಿನಲ್ಲೇ ಲಾಗಿನ್ ಕೊಡಲು ಆಗುತ್ತದಾ ನೋಡಿ. ನೀವು ಕೋಲಕ್ಕೋ ನಾಗಾರಾಧನೆಗೋ ಊರಿಗೆ ಹೋದಾಗ ನಡೆಯುವುದೇನು ಅಂತ ನನಗೆ ಗೊತ್ತು. ಮ್ಯಾನೇಜರ್ ಫೋನ್ ಮಾಡುತ್ತಾನೆ, ಕಾರ್ಕಳದ ಹತ್ತಿರ ಎಲ್ಲೋ ನೆಟ್‌ವರ್ಕ್ ಬಂದಾಗ ನೀವು ವಾಟ್ಸಾಪ್‌ನಲ್ಲಿ ಪಾಸ್‌ವರ್ಡ್ ಕಳಿಸುತ್ತೀರಿ. ಅದು ಅವನ ಫೋನಿನಲ್ಲಿ, ಬ್ಯಾಕಪ್‌ನಲ್ಲಿ ಉಳಿಯುತ್ತದೆ. ಅವರಿಗೇ ಬೇರೆ ಲಾಗಿನ್ ಇದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ, ಅವರು ಕೆಲಸ ಬಿಟ್ಟ ದಿನ ಅದೊಂದನ್ನು ಮುಚ್ಚಿದರೆ ಸಾಕು.

ಎಲ್ಲ ಪಾಸ್‌ವರ್ಡುಗಳೂ ಗೂಗಲ್ ಖಾತೆಯೊಳಗೆ ಇದ್ದರೆ ಆ ಖಾತೆಯೇ ನಿಮ್ಮ ತಿಜೋರಿ. ಅದರ ಪಾಸ್‌ವರ್ಡ್ ಬೇರೆಲ್ಲೂ ಬಳಸದ, ಉದ್ದದ್ದಾಗಿರಲಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಗ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕೆ, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಫೋನ್ ಲೋಕಲ್‌ನಲ್ಲಿ ಕಳುವಾದ ದಿನ ನಿಮ್ಮನ್ನು ಒಳಗೆ ಬಿಡುವುದು ಈ ಕೋಡುಗಳೇ. ಸಿಎ ಹೇಳಿದ ಕಾಗದ ಇಲ್ಲಿ ಬೇಕು. ಗೂಗಲ್ ಪಾಸ್‌ವರ್ಡ್ ಮತ್ತು ಈ ಹತ್ತು ಕೋಡುಗಳನ್ನು ಕಾಗದದಲ್ಲಿ ಬರೆದು, ಮನೆಯ ಕಪಾಟಿನಲ್ಲಿ, ಜಾಗದ ಕಾಗದಪತ್ರ ಇಡುವ ಫೈಲಿನಲ್ಲಿ ಇಡಿ. ಮನೆಯವರಿಗೆ ಎಲ್ಲಿದೆ ಅಂತ ಗೊತ್ತಿರಲಿ. ನಾಳೆ ನಿಮಗೆ ಏನಾದರೂ ಆದರೆ ಅವರು ಕತ್ತಲಲ್ಲಿ ತಡಕಾಡಬಾರದು. ಹೋಟೆಲಿನ ಡ್ರಾಯರಿನಲ್ಲಿ ಮಾತ್ರ ಯಾವ ಡೈರಿಯೂ ಬೇಡ.

ಬಿಟ್‌ವಾರ್ಡನ್, ಕೀಪಾಸ್‌ಎಕ್ಸ್‌ಸಿಯಂಥ ಬೇರೆಯೇ ಪಾಸ್‌ವರ್ಡ್ ಮ್ಯಾನೇಜರ್ ಬೇಕಾ? ಮಗ ಕೂತು ಹೊಂದಿಸಿಕೊಡುತ್ತಾನೆ, ನೀವೂ ಕಲಿಯುತ್ತೀರಿ ಅಂದರೆ ಒಳ್ಳೆಯದೇ. ಅವು ಬ್ರೌಸರಿನಿಂದ ಹೊರಗೆ ಬೇರೆ ಬೀಗದಲ್ಲಿರುತ್ತವೆ, ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾವೇ ಮುಚ್ಚಿಕೊಳ್ಳುವ ಹಾಗೆ ಮಾಡಬಹುದು. ಆದರೆ ಅಲ್ಲೂ ಮುಖ್ಯ ಪಾಸ್‌ವರ್ಡ್ ಗಟ್ಟಿ ಇರಲೇಬೇಕು. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಕಡತಗಳ ಬ್ಯಾಕಪ್ ಕಳುವಾದಾಗ, ಗೂಢಲಿಪಿಯಲ್ಲಿದ್ದರೂ, ಮುಖ್ಯ ಪಾಸ್‌ವರ್ಡ್ ಸಡಿಲವಾಗಿ ಇಟ್ಟವರು ಅಪಾಯಕ್ಕೆ ಬಿದ್ದರು. ನೀವು ಅರ್ಧ ಕಲಿತು ಮತ್ತೆ ಎಲ್ಲ ಸೈಟಿಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಕ್ರೋಮ್‌ನಲ್ಲೇ ಸರಿಯಾಗಿ ಇಡುವುದು ಸಾವಿರ ಪಾಲು ಮೇಲು.

ಆ ‘ಒಂದೇ ಪಾಸ್‌ವರ್ಡ್’ ನಿಮ್ಮಲ್ಲೂ ಇದೆ ಅಂತ ನನ್ನ ಊಹೆ. ಹೋಟೆಲಿನ ಹೆಸರು, ಮುಂದೆ ಒಂದು ಅಟ್, ಮುಂದೆ 123. ಯಾವುದೋ ಸಣ್ಣ ಸಪ್ಲೈ ಸೈಟಿನಿಂದ ಅದು ಸೋರಿದರೆ, ಕಳ್ಳರು ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಬೇರೆ ಸೈಟುಗಳಲ್ಲೆಲ್ಲ ಯಂತ್ರದಿಂದ ಹಾಕಿ ನೋಡುತ್ತಾರೆ. ಫೋನಿನಲ್ಲಿ ಪಾಸ್‌ವರ್ಡ್ ಮ್ಯಾನೇಜರ್‌ನ ‘ಚೆಕಪ್’ ಒತ್ತಿ. ಸೋರಿದ್ದು ಯಾವುದು, ಎರಡು ಕಡೆ ಬಳಸಿದ್ದು ಯಾವುದು, ಸಡಿಲವಾದದ್ದು ಯಾವುದು ಅಂತ ಬೇರೆ ಬೇರೆ ತೋರಿಸುತ್ತದೆ. ಪಟ್ಟಿ ಉದ್ದ ಇದ್ದರೆ ಹೆದರಬೇಡಿ. ಮೊದಲು ಜಿಮೇಲ್ ಬದಲಿಸಿ, ಆಮೇಲೆ ಬ್ಯಾಂಕ್, ಆಮೇಲೆ ಜಿಎಸ್‌ಟಿ ಮತ್ತು ಆದಾಯ ತೆರಿಗೆ. ಇ-ವೇ ಬಿಲ್ ಸೈಟ್ ಬಳಸುತ್ತಿದ್ದರೆ ಅದು ಜಿಎಸ್‌ಟಿ ಪೋರ್ಟಲಿಗಿಂತ ಬೇರೆ, ಅದಕ್ಕೆ ಬೇರೆ ಪಾಸ್‌ವರ್ಡ್. ಉಳಿದವನ್ನು ಮುಂದೆ ಆ ಸೈಟಿಗೆ ಹೋದಾಗಲೆಲ್ಲ ಒಂದೊಂದಾಗಿ ಬದಲಿಸುತ್ತಾ ಹೋದರೆ ಸಾಕು. ಹೊಸ ಪಾಸ್‌ವರ್ಡನ್ನು ನೀವು ಯೋಚಿಸಬೇಡಿ, ಕ್ರೋಮ್ ತಾನೇ ಸೂಚಿಸುವ ಉದ್ದನೆಯದನ್ನು ಒಪ್ಪಿಕೊಳ್ಳಿ. ಯಾವುದಾದರೂ ಸೈಟ್ ಪಾಸ್‌ಕೀ (ಪಾಸ್‌ವರ್ಡಿನ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಏರ್ಪಾಡು) ಇಡಬಹುದು ಅಂದರೆ, ನಿಮ್ಮ ಸ್ವಂತ ಫೋನಿನಲ್ಲಿದ್ದಾಗ ಹೂಂ ಅನ್ನಿ. ಅದರಲ್ಲಿ ಟೈಪ್ ಮಾಡಲು ಏನೂ ಇಲ್ಲ, ನಕಲಿ ಪುಟಕ್ಕೆ ಕೊಡಲೂ ಏನೂ ಇಲ್ಲ.

ಈ ಕೆಲಸಗಳನ್ನು ಕೌಂಟರಿನಲ್ಲಿ ಮಾಡಬೇಡಿ, ಮನೆಯಲ್ಲಿ ಮಾಡಿ. ಮಗ ಪುಣೆಯಿಂದ ಬಂದಾಗ ಪಟ್ಟಿಯನ್ನು ಬೇರೆ ಕಡೆ ಒಯ್ಯಲು ಕ್ರೋಮ್‌ನಿಂದ ‘ಎಕ್ಸ್‌ಪೋರ್ಟ್’ ಮಾಡಿದರೆ, ಬರುವ ಸಿಎಸ್‌ವಿ ಕಡತದಲ್ಲಿ ನಿಮ್ಮ ಎಲ್ಲ ಪಾಸ್‌ವರ್ಡುಗಳೂ ಯಾವ ಗೂಢಲಿಪಿಯೂ ಇಲ್ಲದೆ, ಎಕ್ಸೆಲ್‌ನಲ್ಲಿ ತೆರೆದು ಓದುವ ಹಾಗೆ ಇರುತ್ತವೆ. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಪೆನ್‌ಡ್ರೈವ್‌ನಲ್ಲಿ ಬಿಡಬೇಡಿ. ಕೆಲಸ ಮುಗಿದ ಕೂಡಲೇ ಡೌನ್‌ಲೋಡ್ಸ್‌ನಿಂದ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.